ಪಂಪ್ ಖಾಲಿಯಾಗುತ್ತದೆ, ದಮ್ಮು ಮಾತ್ರ ಯಾಕೆ ಹೋಗುವುದಿಲ್ಲ?

ಮಳೆಗಾಲ ಹಿಡಿದ ಮೇಲೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಯಾವುದಾದರೂ ಮೆಡಿಕಲ್ ಶಾಪಿನ ಎದುರು ಸ್ವಲ್ಪ ಹೊತ್ತು ನಿಂತು ನೋಡಿ. ದಮ್ಮಿಗೆ, ಅಂದರೆ ಆಸ್ತಮಾಕ್ಕೆ, ಬಾಯಿಂದ ಎಳೆಯುವ ನೀಲಿ ಪಂಪ್ (ಇನ್‌ಹೇಲರ್) ಕೇಳಿಕೊಂಡು ಯಾರಾದರೂ ಬಂದೇ ಬರುತ್ತಾರೆ. "ಹಳೆಯದು ಮುಗಿಯಿತು ಬಾವ, ಇನ್ನೊಂದು ಕೊಡಿ." ಅಂಗಡಿಯವರು ಕೊಡುತ್ತಾರೆ, ಇವರು ಅಂಗಿಯ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತುತ್ತಾರೆ. ಚೀಟಿಯೂ ಇಲ್ಲ, ಪ್ರಶ್ನೆಯೂ ಇಲ್ಲ.

ಇದು ಸಣ್ಣ ವಿಷಯ ಅಲ್ಲ. ಜಗತ್ತಿನ ಆಸ್ತಮಾ ರೋಗಿಗಳಲ್ಲಿ ಭಾರತದವರು ಸುಮಾರು 13%. ಆದರೆ ಆಸ್ತಮಾದಿಂದ ಸಾಯುವವರಲ್ಲಿ ನಮ್ಮ ಪಾಲು 40% ದಾಟುತ್ತದೆ. ಕಾರಣ ಹಲವು ಇವೆ. ದೊಡ್ಡ ಕಾರಣ ಅಂದರೆ, ದಮ್ಮು ಬಂದಾಗ ಎಳೆಯುವ ಪಂಪ್ ಒಂದನ್ನೇ ನಂಬಿ ಕೂರುವುದು. ಒಳಗಿನ ಊತಕ್ಕೆ ಮದ್ದು ಮಾಡದೇ ಇರುವುದು.

ಆದರೆ ನಮ್ಮ ಊರಿನ ಮಟ್ಟಿಗೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಶ್ವಾಸನಾಳದ ಒಳಗೆ ನರಗಳ ಮಾತು ಕೇಳಿಸಿಕೊಳ್ಳುವ ರಿಸೆಪ್ಟರ್‌ಗಳು ಹಲವು ಬಗೆಯವು ಇವೆ. ನೀಲಿ ಪಂಪ್ ಅವುಗಳಲ್ಲಿ ಒಂದನ್ನು ಮಾತ್ರ ಮುಟ್ಟುತ್ತದೆ. ನಾವು ಬಾಯಿಗೆ ಹಾಕುವ ಅಡಿಕೆ, ತೋಟಕ್ಕೆ ಬಿಡುವ ಕೀಟನಾಶಕದ ಮದ್ದು, ಕಣ್ಣಿಗೆ ಬಿಡುವ ಹನಿ, ಬೆಳಿಗ್ಗೆ ನುಂಗುವ ಬಿಪಿ ಮಾತ್ರೆ ಇವೆಲ್ಲ ಇದೇ ರಿಸೆಪ್ಟರ್‌ಗಳನ್ನೋ ಇವುಗಳ ಪಕ್ಕದವನ್ನೋ ಮುಟ್ಟುತ್ತಿರುತ್ತವೆ. ವೈದ್ಯರು ಅದನ್ನು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ನನಗೆ ಚಿಂತೆ ಆಗಿರುವುದು ಇದೇ.

ಮೊದಲು ಒಳಗೆ ಏನಿದೆ ನೋಡೋಣ. ಗಂಟಲಿನಿಂದ ಕೆಳಗೆ ಶ್ವಾಸನಾಳ ಕವಲೊಡೆಯುತ್ತಾ ಹೋಗುತ್ತದೆ. ಸುಮಾರು 23 ಸಲ ಕವಲೊಡೆದು ಕೊನೆಗೆ ಗಾಳಿಚೀಲ ತಲುಪುತ್ತದೆ. ಈ ಕೊಳವೆಗಳ ಸುತ್ತ ಸ್ನಾಯುಗಳ ಪಟ್ಟಿ ಇದೆ. ಅದು ಬಿಗಿದರೆ ಕೊಳವೆ ಕಿರಿದಾಗುತ್ತದೆ. ಕಿರಿದಾಗುವುದು ಅಂದರೆ ಎಷ್ಟು ಕಷ್ಟ ಅಂತ ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. ಗಾಳಿ ನಯವಾಗಿ ಹರಿಯುವ ಕೊಳವೆಯ ಅಗಲ ಅರ್ಧಕ್ಕಿಳಿದರೆ ಗಾಳಿಗೆ ಅಡ್ಡಿ ಎರಡು ಪಟ್ಟಲ್ಲ, 16 ಪಟ್ಟು ಏರುತ್ತದೆ. ಅದಕ್ಕೇ ಸ್ವಲ್ಪ ಬಿಗಿದರೂ ಎದೆ ಕುಂಯ್‌ಗುಟ್ಟುವುದು, ಎರಡು ಮಾತಾಡುವುದಕ್ಕೆ ಮೂರು ಸಲ ಉಸಿರೆಳೆಯಬೇಕಾಗುವುದು.

ಬಿಗಿ ಅಂತ ಹೇಳುವುದು ಯಾರು? ಮುಖ್ಯವಾಗಿ ವೇಗಸ್ ಅನ್ನುವ ನರ. ಮೆದುಳಿನ ಬುಡದಿಂದ ಹೊರಟು ಕುತ್ತಿಗೆಯ ಮೂಲಕ ಎದೆಗೆ, ಹೊಟ್ಟೆಗೆ ಇಳಿಯುವ ಉದ್ದದ ನರ ಅದು. ಅದರ ತುದಿಯಿಂದ ಅಸಿಟೈಲ್‌ಕೊಲಿನ್ ಅನ್ನುವ ರಾಸಾಯನಿಕ ಹೊರಬರುತ್ತದೆ. ಸ್ನಾಯುವಿನ ಮೇಲಿರುವ ಎಂ3 ಅನ್ನುವ ರಿಸೆಪ್ಟರ್ ಅದನ್ನು ಹಿಡಿದುಕೊಳ್ಳುತ್ತದೆ. ಕೂಡಲೇ ಸ್ನಾಯು ಬಿಗಿಯುತ್ತದೆ, ಕಫದ ಗ್ರಂಥಿಗಳೂ ಒಸರಲು ಶುರು ಮಾಡುತ್ತವೆ. ಆರೋಗ್ಯವಂತರಲ್ಲೂ ಇದು ಹಗುರಾಗಿ ನಡೆಯುತ್ತಲೇ ಇರುತ್ತದೆ, ಅದರಲ್ಲಿ ತಪ್ಪೇನಿಲ್ಲ.

ಅಸಿಟೈಲ್‌ಕೊಲಿನ್ ಅತಿಯಾಗದ ಹಾಗೆ ನೋಡಿಕೊಳ್ಳುವುದು ಇನ್ನೊಂದು ರಿಸೆಪ್ಟರ್, ಎಂ2. ಇದು ನರದ ತುದಿಯಲ್ಲೇ ಕೂತಿರುತ್ತದೆ. ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡು ಇರುತ್ತದಲ್ಲ, ನೀರು ಏರಿದ ಹಾಗೆ ತಾನೂ ಏರಿ ನಳ್ಳಿ ಮುಚ್ಚುವುದು, ಎಂ2 ಮಾಡುವುದೂ ಅದೇ ಕೆಲಸ. ಹೊರಗೆ ಅಸಿಟೈಲ್‌ಕೊಲಿನ್ ಸಾಕಷ್ಟಾದ ಕೂಡಲೇ ಇನ್ನು ಸಾಕು ಅಂತ ನರಕ್ಕೆ ತಿಳಿಸುತ್ತದೆ. ಈ ಎಂ2 ಕೆಟ್ಟರೆ ನರ ಸುರಿಯುತ್ತಲೇ ಇರುತ್ತದೆ, ಸ್ನಾಯು ಬಿಗಿಯುತ್ತಲೇ ಇರುತ್ತದೆ.

ಅದು ಕೆಡುವುದು ಹೇಗೆ ಅನ್ನುವುದರಲ್ಲೇ ನಮ್ಮ ಮಳೆಗಾಲದ ದಮ್ಮಿಗೆ ಒಂದು ದೊಡ್ಡ ಉತ್ತರ ಇದೆ. ಶೀತ ಜ್ವರ ತರುವ ಕೆಲವು ವೈರಸ್‌ಗಳು ಎಂ2ವಿನ ಕೆಲಸ ಕೆಡಿಸುತ್ತವೆ ಅಂತ ಪ್ರಾಣಿಗಳ ಮೇಲಿನ ಸಂಶೋಧನೆ ತೋರಿಸಿದೆ. ಅಲರ್ಜಿ ಇರುವವರ ಶ್ವಾಸನಾಳದಲ್ಲಿ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳು ಜಾಸ್ತಿ ಸೇರಿಕೊಳ್ಳುತ್ತವೆ. ಅವು ಉಗುಳುವ ಒಂದು ಪ್ರೋಟೀನು ಎಂ2ವಿಗೆ ಅಂಟಿಕೊಂಡು ಅದನ್ನು ಸುಮ್ಮನಾಗಿಸುತ್ತದೆ. ಸಾದಾ ಶೀತ ಎದೆಗಿಳಿದು ವಾರಗಟ್ಟಲೆ ಕುಂಯ್‌ಗುಡುವುದಕ್ಕೆ ಇದು ಒಂದು ಕಾರಣ. ಕೆಲವರು ಇದನ್ನು "ಅವನಿಗೆ ಬರೇ ಹೆದರಿಕೆ" ಅಂತ ತಳ್ಳಿಹಾಕುತ್ತಾರೆ. ಹಾಗೆ ಹೇಳಬೇಡಿ, ದಯವಿಟ್ಟು.

ಇನ್ನು ನೀಲಿ ಪಂಪ್. ಅದರಲ್ಲಿರುವ ಸಾಲ್ಬುಟಮಾಲ್ 1969ರಿಂದ ಮಾರುಕಟ್ಟೆಯಲ್ಲಿದೆ, ಒಳ್ಳೆಯ ಔಷಧಿ, ಜೀವ ಉಳಿಸಿದೆ. ಅದು ಮುಟ್ಟುವುದು ಎಂ3ಯನ್ನಲ್ಲ. ಅದೇ ಸ್ನಾಯುವಿನ ಮೇಲಿರುವ ಬೀಟಾ-2 ಅನ್ನುವ ಬೇರೆ ರಿಸೆಪ್ಟರನ್ನು. ಬೀಟಾ-2 ಕೆಲಸಕ್ಕಿಳಿದರೆ ಸ್ನಾಯು ಸಡಿಲವಾಗುತ್ತದೆ. ವಿಚಿತ್ರ ಏನೆಂದರೆ, ಮನುಷ್ಯರ ಶ್ವಾಸನಾಳದ ಸ್ನಾಯುವಿನಲ್ಲಿ ಬೀಟಾ-2 ಧಾರಾಳ ಇದೆ, ಅದನ್ನು ಎಬ್ಬಿಸುವ ನರ ಮಾತ್ರ ಹತ್ತಿರದಲ್ಲಿ ಹೆಚ್ಚುಕಡಿಮೆ ಇಲ್ಲ. ಮೂತ್ರಪಿಂಡದ ತಲೆಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಿಂದ ರಕ್ತದಲ್ಲಿ ತೇಲಿಬರುವ ಅಡ್ರಿನಲಿನ್‌ಗೆ ಅದು ಕಾಯುತ್ತದೆ. ಅಂದರೆ ಬಿಗಿಯುವುದಕ್ಕೆ ನೇರ ನರ ಇದೆ, ಸಡಿಲಿಸುವುದಕ್ಕೆ ರಕ್ತದ ದಾರಿಯೇ ಮುಖ್ಯ. ಬೀಟಾ-2ವಿನಂತಹ ರಿಸೆಪ್ಟರ್‌ಗಳು ಹೇಗೆ ಕೆಲಸ ಮಾಡುತ್ತವೆ ಅಂತ ಬಿಡಿಸಿ ತೋರಿಸಿದ ರಾಬರ್ಟ್ ಲೆಫ್ಕೊವಿಟ್ಜ್ ಮತ್ತು ಬ್ರಯಾನ್ ಕೊಬಿಲ್ಕಾ ಅವರಿಗೆ 2012ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಲೆಫ್ಕೊವಿಟ್ಜ್ ಅವರ ಕೆಲಸದಲ್ಲಿ ಇನ್ನೊಂದು ಸಂಗತಿಯೂ ಇತ್ತು. ರಿಸೆಪ್ಟರನ್ನು ಪದೇ ಪದೇ ತಟ್ಟಿದರೆ ಅದು ಸ್ಪಂದಿಸುವುದು ಕಡಿಮೆ ಮಾಡುತ್ತದೆ, ಕೊನೆಗೆ ಜೀವಕೋಶದ ಮೇಲ್ಮೈಯಿಂದ ಒಳಕ್ಕೆ ಸರಿದುಬಿಡುತ್ತದೆ. ದಿನಾ ನಾಲ್ಕಾರು ಸಲ ಪಂಪ್ ಎಳೆಯುವವರು "ಈಗೀಗ ಇದು ಮೊದಲಿನ ಹಾಗೆ ಹಿಡಿಯುವುದಿಲ್ಲ" ಅನ್ನುತ್ತಾರಲ್ಲ, ಅದಕ್ಕೆ ಇದೂ ಒಂದು ಕಾರಣ. ಒಳಗಿನ ಊತ ಹಾಗೇ ಬೆಳೆಯುತ್ತಿರುವುದು ಇನ್ನೊಂದು ಕಾರಣ.

ಇಲ್ಲಿಯೇ ಸ್ಟಿರಾಯ್ಡ್ ಇನ್‌ಹೇಲರಿನ ಮಾತು ಬರುವುದು. ಸ್ಟಿರಾಯ್ಡ್ ಅಂದ ಕೂಡಲೇ ನಮ್ಮಲ್ಲಿ ಜನ ಬೆಚ್ಚುತ್ತಾರೆ. ಮೈ ಊದುತ್ತದೆ, ಮೂಳೆ ಸವೆಯುತ್ತದೆ ಅಂತ. ವರ್ಷಗಟ್ಟಲೆ ಮಾತ್ರೆ ನುಂಗಿದರೆ ಅದು ನಿಜ. ಎಳೆಯುವ ಸ್ಟಿರಾಯ್ಡಿನ ಪ್ರಮಾಣ ಮೈಕ್ರೋಗ್ರಾಂ ಲೆಕ್ಕದ್ದು, ನೇರ ಶ್ವಾಸನಾಳಕ್ಕೆ ಹೋಗುತ್ತದೆ, ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಬಾಯಿಯಲ್ಲಿ ಬಿಳಿ ಅಗ್ರ (ಶಿಲೀಂಧ್ರದ ಸೋಂಕು) ಬರುವುದೂ ಕಡಿಮೆಯಾಗುತ್ತದೆ. ಅದು ಊತ ಇಳಿಸುವುದು ಮಾತ್ರವಲ್ಲ, ಸ್ನಾಯುವಿನಲ್ಲಿ ಹೊಸ ಬೀಟಾ-2 ರಿಸೆಪ್ಟರ್ ತಯಾರಾಗುವ ಹಾಗೂ ಮಾಡುತ್ತದೆ. ಸ್ಟಿರಾಯ್ಡ್ ತೆಗೆದುಕೊಂಡರೆ ಪಂಪಿನ ಗುಣವೂ ಉಳಿಯುತ್ತದೆ ಅನ್ನುವುದು ಇದಕ್ಕೇ. ಆಸ್ತಮಾ ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಜಾಗತಿಕ ಸಂಸ್ಥೆ ಜೀನಾ 2019ರಲ್ಲಿ ನೇರವಾಗಿ ಹೇಳಿಬಿಟ್ಟಿತು: ಹದಿಹರೆಯದವರಿಗೂ ದೊಡ್ಡವರಿಗೂ ಸಾಲ್ಬುಟಮಾಲ್‌ನಂಥ ಪಂಪ್ ಒಂದನ್ನೇ ಕೊಡಬೇಡಿ, ಜೊತೆಗೆ ಸ್ಟಿರಾಯ್ಡ್ ಇರಲೇಬೇಕು. ವರ್ಷಕ್ಕೆ 3 ಅಥವಾ ಜಾಸ್ತಿ ಡಬ್ಬಿ ಖಾಲಿ ಮಾಡುವವರಿಗೆ ದಮ್ಮು ಉಲ್ಬಣಿಸುವ ಅಪಾಯ ಹೆಚ್ಚು, 12 ಅಥವಾ ಜಾಸ್ತಿ ಆದರೆ ಸಾವಿನ ಅಪಾಯವೂ ಹೆಚ್ಚು ಅಂತಲೂ ಅದೇ ಮಾರ್ಗಸೂಚಿ ಹೇಳುತ್ತದೆ. ಒಂದು ಡಬ್ಬಿಯಲ್ಲಿ ಸಾಮಾನ್ಯವಾಗಿ 200 ಪಫ್ ಇರುತ್ತದೆ. ನಿಮ್ಮ ಮನೆಯಲ್ಲಿ ಒಂದು ಡಬ್ಬಿ ಎಷ್ಟು ದಿನ ಬರುತ್ತದೆ, ಲೆಕ್ಕ ಹಾಕಿ ನೋಡಿ.

ಬೀಟಾ-2ವನ್ನು ಮುಚ್ಚುವ ಔಷಧಿಗಳೂ ಇವೆ. ಕೈ ನಡುಕಕ್ಕೆ, ಅರೆತಲೆನೋವಿಗೆ ಕೊಡುವ ಪ್ರೊಪ್ರನೊಲಾಲ್ ಹೃದಯದ ಬೀಟಾ-1ನ್ನು ಮುಚ್ಚುವ ಹಾಗೆಯೇ ಶ್ವಾಸನಾಳದ ಬೀಟಾ-2ವನ್ನೂ ಮುಚ್ಚುತ್ತದೆ, ಆಸ್ತಮಾ ಇರುವವರಿಗೆ ಇದು ದೊಡ್ಡ ಅಪಾಯ. ಅದಕ್ಕಿಂತ ಮೋಸದ್ದು ಕಣ್ಣಿನ ಹನಿ. ಕಣ್ಣಿನ ಒಳಗಿನ ಒತ್ತಡದ ಕಾಯಿಲೆ ಗ್ಲೂಕೋಮಾ ಇರುವ ಅಜ್ಜ ಅಜ್ಜಿಯಂದಿರಿಗೆ ಟಿಮೊಲಾಲ್ ಹನಿ ಕೊಡುತ್ತಾರೆ. ಕಣ್ಣಿಗೆ ಬಿಟ್ಟ ಹನಿ ಕಣ್ಣೀರಿನ ನಾಳದಿಂದ ಮೂಗಿಗೆ ಇಳಿದು ಅಲ್ಲಿಂದ ನೇರ ರಕ್ತಕ್ಕೆ ಸೇರುತ್ತದೆ. ಸಂಜೆ ಕಣ್ಣಿಗೆ ಹನಿ ಬಿಟ್ಟದ್ದಕ್ಕೂ ರಾತ್ರಿ ದಮ್ಮು ಬಂದದ್ದಕ್ಕೂ ಸಂಬಂಧ ಇದೆ ಅಂತ ಯಾರಿಗೆ ಹೊಳೆಯಬೇಕು ಹೇಳಿ.

ಈಗ ಅಡಿಕೆಗೆ ಬರುತ್ತೇನೆ. ನಮ್ಮ ಊರಿನ ಅನ್ನ ಅಡಿಕೆಯದ್ದು, ಅದರ ಬಗ್ಗೆ ಹಗುರವಾಗಿ ಮಾತಾಡುವ ಮನಸ್ಸು ನನಗಿಲ್ಲ. ಆದರೂ ಹೇಳಲೇಬೇಕಾದ ಮಾತು ಇದು. ಅಡಿಕೆಯಲ್ಲಿ ಅರೆಕೊಲಿನ್ ಎಂಬ ವಸ್ತು ಇದೆ. ಅದು ಅಸಿಟೈಲ್‌ಕೊಲಿನ್‌ನ ಹಾಗೆಯೇ ನಟಿಸಿ ಅದೇ ಎಂ ಗುಂಪಿನ ರಿಸೆಪ್ಟರ್‌ಗಳನ್ನು ಎಬ್ಬಿಸುತ್ತದೆ. ಎಲೆ ಅಡಿಕೆ ಬಾಯಿಗೆ ಹಾಕಿದ ಕೂಡಲೇ ಜೊಲ್ಲು ತುಂಬುವುದು ಅದರಿಂದಲೇ. ಅಡಿಕೆ ಸೊಕ್ಕಿದರೆ ಏನಾಗುತ್ತದೆ ಅಂತ ನಮ್ಮಲ್ಲಿ ಎಲ್ಲರೂ ನೋಡಿದ್ದಾರೆ. ಹಣೆಯಲ್ಲಿ ಬೆವರು ಸಾಲುಗಟ್ಟುತ್ತದೆ, ತಲೆ ಸುತ್ತುತ್ತದೆ, ಎದೆ ಹಿಡಿದ ಹಾಗಾಗುತ್ತದೆ, ಕೂತಲ್ಲೇ ಗೋಡೆಗೆ ಒರಗಿ "ಒಂದು ಲೋಟ ನೀರು ಕೊಡು ಮಾರಾಯ್ತಿ" ಅನ್ನುತ್ತಾರೆ. ಬಾಯಿಯ ಜೊಲ್ಲಿನ ಗ್ರಂಥಿಯಲ್ಲೂ ಬೆವರಿನ ಗ್ರಂಥಿಯಲ್ಲೂ ಶ್ವಾಸನಾಳದ ಸ್ನಾಯುವಿನಲ್ಲೂ ಇರುವುದು ಒಂದೇ ಜಾತಿಯ ರಿಸೆಪ್ಟರ್. ಬಾಯಿಯಲ್ಲಿ ಜೊಲ್ಲು ತರಿಸುವ ವಸ್ತು ರಕ್ತ ಸೇರಿದ ಮೇಲೆ ಎದೆಯಲ್ಲಿ ಸುಮ್ನೆ ಕೂರುತ್ತದಾ?

ಕೂರುವುದಿಲ್ಲ ಅಂತ ಕೆಲವರು ಪರೀಕ್ಷಿಸಿಯೂ ನೋಡಿದ್ದಾರೆ. 1990ರ ದಶಕದ ಆರಂಭದಲ್ಲಿ ಬ್ರಿಟನ್ನಿನ ವೈದ್ಯರು ಆಸ್ತಮಾ ಇರುವವರಿಗೆ ಅರೆಕೊಲಿನ್ ಎಳೆಸಿ ನೋಡಿದಾಗ ಶ್ವಾಸನಾಳ ಬಿಗಿಯಿತು, ಅಡಿಕೆ ಜಗಿದಾಗಲೂ ಕೆಲವರಿಗೆ ಉಸಿರಿನ ಪ್ರಮಾಣ ಇಳಿಯಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಪಪುವಾ ನ್ಯೂಗಿನಿಯಿಂದಲೂ, ಅಲ್ಲಿಯೂ ಅಡಿಕೆ ತಿನ್ನುವವರು ಜಾಸ್ತಿ, ಅಂಥದ್ದೇ ವರದಿ ಬಂತು. ಅಡಿಕೆ ತಿಂದವರಿಗೆಲ್ಲ ದಮ್ಮು ಬರುತ್ತದೆ ಅಂತ ಇದರ ಅರ್ಥ ಅಲ್ಲ. ದಿನಾ ತಿನ್ನುವವರ ಮೈ ಸ್ವಲ್ಪ ಒಗ್ಗಿಕೊಂಡಿರುತ್ತದೆ. ಆದರೆ ದಮ್ಮು ಇರುವವರು ಕವಳ ಹಾಕುತ್ತಾ ಹಾಕುತ್ತಾ ಪಂಪ್ ಎಳೆದರೆ ಒಂದು ಕೈ ಎಂ3ಯನ್ನು ಒತ್ತುತ್ತಿದೆ, ಇನ್ನೊಂದು ಕೈ ಬೀಟಾ-2ವನ್ನು. ಯಾರು ಗೆಲ್ಲುತ್ತಾರೆ ಅನ್ನುವುದು ಆ ದಿನದ ಅಡಿಕೆಯ ಮೇಲೆ ನಿಂತಿದೆ. ಬಾಯಿ ಕ್ಯಾನ್ಸರಿನ ಅಪಾಯ ಬೇರೆಯೇ ಇದೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಆ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಬೆಲೆ ಕುಸಿಯುವ ಭಯದ ಚರ್ಚೆ ಏಳುತ್ತದೆ. ದಮ್ಮಿನ ವಿಷಯ ಮಾತ್ರ ಆ ಗಲಾಟೆಯಲ್ಲಿ ಎಲ್ಲೋ ಕಳೆದುಹೋಗಿದೆ. ಬೆಳೆಯುವುದು ಬೇರೆ, ದಮ್ಮು ಇದ್ದೂ ತಿನ್ನುವುದು ಬೇರೆ ಅಲ್ವಾ.

ಎಂ3ಯನ್ನು ಮುಚ್ಚುವ ಔಷಧಿಯ ಕಥೆಯೂ ನಮ್ಮ ಕಡೆಗೇ ಬಂದು ನಿಲ್ಲುತ್ತದೆ. ದತ್ತೂರದ ಗಿಡದಲ್ಲಿ ಎಂ3ಯನ್ನು ಮುಚ್ಚುವ ಅಟ್ರೊಪಿನ್ ಜಾತಿಯ ವಸ್ತುಗಳಿವೆ. ದಮ್ಮಿಗೆ ಅದರ ಹೊಗೆ ಎಳೆಯುವ ಪದ್ಧತಿ ಭಾರತದಲ್ಲಿ ಇತ್ತು. 19ನೇ ಶತಮಾನದ ಆರಂಭದಲ್ಲಿ ಮದ್ರಾಸಿನಲ್ಲಿದ್ದ ಬ್ರಿಟಿಷರ ಮೂಲಕ ಅದು ಇಂಗ್ಲೆಂಡಿಗೆ ಹೋಗಿ, ಅಲ್ಲಿ ಆಸ್ತಮಾ ಸಿಗರೇಟು ಅಂತಲೇ ಮಾರಾಟವಾಯಿತು. ಆ ಎಲೆಯನ್ನು ಈಗ ಯಾರೂ ಮುಟ್ಟಬೇಡಿ. ಒಂದೊಂದು ಗಿಡದಲ್ಲಿ ವಿಷದ ಪ್ರಮಾಣ ಒಂದೊಂದು ಥರ, ಭ್ರಮೆ ಹಿಡಿದು ಪ್ರಾಣಕ್ಕೇ ಬರುತ್ತದೆ. ಅದೇ ತತ್ವದ ಮೇಲೆ ಮುಂದೆ ಐಪ್ರಾಟ್ರೋಪಿಯಂ ಎಂಬ ಎಳೆಯುವ ಔಷಧಿ ಬಂತು, ಆಮೇಲೆ ಟಿಯೋಟ್ರೋಪಿಯಂ. ಎರಡನೆಯದು ಎಂ3ಯನ್ನು ಬಿಗಿಯಾಗಿ ಹಿಡಿದುಕೊಂಡು ಎಂ2ವನ್ನು ಬೇಗ ಬಿಟ್ಟುಬಿಡುತ್ತದೆ, ದಿನಕ್ಕೆ ಒಂದು ಸಲ ಎಳೆದರೆ ಸಾಕು. ಬೀಡಿ ಸೇದಿ, ಒಲೆ ಊದಿ ಶ್ವಾಸಕೋಶ ಸವೆದವರಿಗೆ ಇದು ಬಹಳ ಉಪಯೋಗಕ್ಕೆ ಬರುತ್ತದೆ.

ಇನ್ನು ಮದ್ದು ಬಿಡುವ ವಿಷಯ. ಕಾಸರಗೋಡಿನಲ್ಲಿ ಕೀಟನಾಶಕ ಅಂದರೆ ಎಂಡೋಸಲ್ಫಾನ್ ನೆನಪಾಗದವರು ಯಾರೂ ಇಲ್ಲ. ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಜಾಸ್ತಿ ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಸುರಿದದ್ದು. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಮುಳಿಯಾರಿನ ಮನೆಗಳಲ್ಲಿ ಅದರ ಪರಿಣಾಮ ಈಗಲೂ ಮಲಗಿದೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ನಿಲ್ಲಿಸಿತು, ಅದೇ ವರ್ಷ ಅಪಾಯಕಾರಿ ರಾಸಾಯನಿಕಗಳ ಕುರಿತ ಅಂತಾರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೂ ಅದು ಸೇರಿತು. ಆದರೆ ಒಂದು ವ್ಯತ್ಯಾಸ ತಿಳಿದಿರಬೇಕು. ಎಂಡೋಸಲ್ಫಾನ್ ಹೊಡೆಯುವುದು ಗಾಬಾ ಎಂಬ ರಿಸೆಪ್ಟರಿಗೆ, ಮೆದುಳನ್ನು ಶಾಂತವಾಗಿ ಇಡುವ ರಿಸೆಪ್ಟರ್ ಅದು. ಹಾಗಾಗಿ ಅದರ ವಿಷ ಏರಿದರೆ ಮೈ ಸೆಟೆದು ಅಪಸ್ಮಾರ ಬರುವುದು. ಶ್ವಾಸನಾಳದ ಎಂ3ಯನ್ನು ಅತಿಯಾಗಿ ಕೆರಳಿಸುವುದು ಇನ್ನೊಂದು ಗುಂಪು, ಆರ್ಗನೋಫಾಸ್ಫೇಟ್‌ಗಳು. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್ ಎಲ್ಲ ಈ ಗುಂಪಿನವು.

ಇವು ಮಾಡುವುದು ಹೀಗೆ. ನರದ ತುದಿಯಿಂದ ಹೊರಬಂದ ಅಸಿಟೈಲ್‌ಕೊಲಿನ್ ತನ್ನ ಕೆಲಸ ಮುಗಿಸಿದ ಮೇಲೆ ಕೊಲಿನೆಸ್ಟರೇಸ್ ಎಂಬ ಕಿಣ್ವ ಅದನ್ನು ತಕ್ಷಣ ಒಡೆದು ಹಾಕಬೇಕು. ಆರ್ಗನೋಫಾಸ್ಫೇಟ್ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಅಸಿಟೈಲ್‌ಕೊಲಿನ್ ಹಾಗೇ ಉಳಿದು ರಾಶಿಯಾಗುತ್ತದೆ. ಕಣ್ಣಿನ ಪಾಪೆ ಚುಕ್ಕೆಯಷ್ಟಾಗುತ್ತದೆ, ಜೊಲ್ಲು, ಕಣ್ಣೀರು, ಬೆವರು ಒಟ್ಟಿಗೆ ಸುರಿಯುತ್ತವೆ, ವಾಂತಿಭೇದಿ ಶುರುವಾಗುತ್ತದೆ, ಶ್ವಾಸನಾಳ ಬಿಗಿಯುತ್ತದೆ, ಒಳಗೆಲ್ಲ ನೊರೆ ಕಫ ತುಂಬಿಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಆಗ ಕೊಡುವುದು ಅಟ್ರೊಪಿನ್. ಎದೆಯ ಒಳಗಿನ ಗೊರಗೊರ ನಿಂತು ಉಸಿರಿನ ಸದ್ದು ಸ್ವಚ್ಛವಾಗುವವರೆಗೂ ಡೋಸ್ ಏರಿಸುತ್ತಾ ಹೋಗುತ್ತಾರೆ. ಆದರೆ ಉಸಿರಾಟ ನಡೆಸುವ ಮಾಂಸಖಂಡಗಳಲ್ಲಿ ಇರುವುದು ಬೇರೆ ಜಾತಿಯ ರಿಸೆಪ್ಟರ್, ನಿಕೊಟಿನಿಕ್. ಅಲ್ಲಿ ಅಟ್ರೊಪಿನ್ ನಡೆಯುವುದಿಲ್ಲ. ಅದಕ್ಕೇ ಕೆಲವರಿಗೆ ದಿನಗಟ್ಟಲೆ ವೆಂಟಿಲೇಟರ್ ಬೇಕಾಗುವುದು.

ಇದು ವಿಷ ಕುಡಿದವರ, ಇಲ್ಲವೇ ಮೈಗೆಲ್ಲ ಸುರಿದುಕೊಂಡವರ ಕಥೆ ಅಂತ ನಾವು ಬಿಟ್ಟುಬಿಡುತ್ತೇವೆ. ನನ್ನನ್ನು ತುಂಬ ಕಾಡಿದ ಸಂಶೋಧನೆ ಬೇರೆಯೇ ಇದೆ. 2005ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು ಗಿನಿಪಿಗ್‌ಗಳಿಗೆ ಕ್ಲೋರ್‌ಪೈರಿಫಾಸ್ ಮತ್ತು ಅದರ ಜಾತಿಯ ಇನ್ನೆರಡು ಕೀಟನಾಶಕಗಳನ್ನು ಕೊಟ್ಟು ನೋಡಿದರು. ಕೊಲಿನೆಸ್ಟರೇಸ್ ಕಿಣ್ವಕ್ಕೆ ಏನೂ ಆಗದಷ್ಟು ಕಡಿಮೆ ಪ್ರಮಾಣದಲ್ಲೂ ಶ್ವಾಸನಾಳ ಅತಿಯಾಗಿ ಬಿಗಿಯತೊಡಗಿತು, ಕಾರಣ ಎಂ2 ಕೆಲಸ ಮಾಡುವುದು ಕಡಿಮೆಯಾಗಿತ್ತು. ಗಿನಿಪಿಗ್ ಬೇರೆ, ಮನುಷ್ಯ ಬೇರೆ, ಒಪ್ಪುತ್ತೇನೆ. ಆದರೂ ಇದರಿಂದ ಒಂದು ಪ್ರಶ್ನೆ ಏಳುತ್ತದೆ. ವಿಷದ ಯಾವ ಲಕ್ಷಣವೂ ಇಲ್ಲದೆ, ಸಂಜೆ ಮನೆಗೆ ಬಂದು ಸ್ನಾನ ಮಾಡಿ ಊಟ ಮಾಡಿ ಮಲಗಿದ ಕೆಲಸದವನಿಗೆ ಮಧ್ಯರಾತ್ರಿ ಬರುವ ಕೆಮ್ಮು, ಕುಂಯ್‌ಗುಡುವಿಕೆ ಎಲ್ಲಿಂದ ಬಂತು? ಅವನು ಆಸ್ಪತ್ರೆಗೆ ಹೋದರೆ "ಧೂಳಿನ ಅಲರ್ಜಿ" ಅಂತ ಬರೆದು ಪಂಪ್ ಕೊಡುತ್ತಾರೆ. ಮರುದಿನ ಅವನು ಮತ್ತೆ ಟ್ಯಾಂಕು ಬೆನ್ನಿಗೇರಿಸುತ್ತಾನೆ, ಮುಖಕ್ಕೆ ಒಂದು ಬೈರಾಸು ಸುತ್ತಿಕೊಂಡು. ಬಟ್ಟೆ ಹನಿಯನ್ನು ಹೀರಿಕೊಂಡು ಗಂಟೆಗಟ್ಟಲೆ ಮೂಗಿನ ಹತ್ತಿರವೇ ಹಿಡಿದಿಡುತ್ತದೆ, ಆವಿಯನ್ನು ತಡೆಯುವುದಿಲ್ಲ. ಆ ಬಟ್ಟೆ ಇದ್ದೂ ಪ್ರಯೋಜನವಿಲ್ಲ.

ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಅದು ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ, ನರದ ವಿಷವಲ್ಲ. ಹಾಗಂತ ಎಳೆದುಕೊಳ್ಳುವ ವಸ್ತುವೂ ಅಲ್ಲ. ಪೋರ್ಚುಗಲ್ಲಿನ ದ್ರಾಕ್ಷಿ ತೋಟಗಳಲ್ಲಿ ವರ್ಷಗಟ್ಟಲೆ ಇದನ್ನು ಬಿಟ್ಟವರ ಶ್ವಾಸಕೋಶದಲ್ಲಿ ತಾಮ್ರ ಸೇರಿಕೊಂಡು ಗಾಯ ಮಾಡಿದ್ದನ್ನು ವೈದ್ಯರು 1969ರಲ್ಲೇ ವಿವರಿಸಿದ್ದಾರೆ. ಎಂಡೋಸಲ್ಫಾನ್ ಸೇರಿದ ಅದೇ ಸ್ಟಾಕ್‌ಹೋಮ್ ಪಟ್ಟಿಗೆ 2025ರಲ್ಲಿ ಕ್ಲೋರ್‌ಪೈರಿಫಾಸ್ ಕೂಡ, ಕೆಲವು ಬೆಳೆಗಳಿಗೆ ವಿನಾಯಿತಿಯೊಂದಿಗೆ, ಸೇರಿದೆ. ಎಂಡೋಸಲ್ಫಾನ್ ಕಂಡ ಜಿಲ್ಲೆಯಲ್ಲಿ ಈ ಸುದ್ದಿ ಒಂದು ಸಣ್ಣ ಚರ್ಚೆಯನ್ನಾದರೂ ಎಬ್ಬಿಸಬೇಕಿತ್ತು.

ಇಲ್ಲಿವರೆಗೆ ಹೇಳಿದ್ದು ಮೆದುಳಿನಿಂದ ಎದೆಗೆ ಇಳಿಯುವ ಮಾತು. ಎದೆಯಿಂದ ಮೆದುಳಿಗೆ ಏರುವ ಮಾತೂ ಇದೆ, ವೇಗಸ್ ನರದ ಎಳೆಗಳಲ್ಲಿ ಹೆಚ್ಚಿನವು ಆ ಕೆಲಸದವೇ. ಬಾಣಲೆಯಲ್ಲಿ ಬ್ಯಾಡಗಿ ಮೆಣಸು ಸ್ವಲ್ಪ ಕರಟಿದರೆ ಇಡೀ ಮನೆ ಕೆಮ್ಮುತ್ತದಲ್ಲ, ಘಾಟಿನಲ್ಲಿರುವ ಕ್ಯಾಪ್ಸೈಸಿನ್ ಶ್ವಾಸನಾಳದ ಟಿಆರ್‌ಪಿವಿ1 ಎಂಬ ರಿಸೆಪ್ಟರಿಗೆ ಬಡಿಯುವುದೇ ಕಾರಣ. ಸುಮಾರು 43 ಡಿಗ್ರಿಗಿಂತ ಜಾಸ್ತಿ ಬಿಸಿಗೂ ಅದು ಎಚ್ಚರವಾಗುತ್ತದೆ. 1997ರಲ್ಲಿ ಅದರ ಜೀನನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್‌ಗೆ 2021ರ ವೈದ್ಯಕೀಯ ನೊಬೆಲ್ ಬಂತು. ಬಚ್ಚಲೊಲೆಗೆ ಒದ್ದೆ ಸೋಗೆ, ಅಡಿಕೆ ಸಿಪ್ಪೆ ಹಾಕಿದಾಗ ಏಳುವ ಹೊಗೆ ತಟ್ಟುವುದು ಟಿಆರ್‌ಪಿಎ1 ಅನ್ನುವ ಪಕ್ಕದ ರಿಸೆಪ್ಟರಿಗೆ. ಮೆಂಥಾಲ್ ಮುಲಾಮು ಮೂಗಿಗೆ ಹಚ್ಚಿದರೆ ತಂಪು ಅಂತ ಹೇಳುವ ಇನ್ನೊಂದು ರಿಸೆಪ್ಟರ್ ಎಚ್ಚರವಾಗುತ್ತದೆ, ಉಸಿರು ಬಿಟ್ಟುಕೊಂಡ ಹಾಗೆ ಅನಿಸುತ್ತದೆ. ಅಳೆದು ನೋಡಿದರೆ ಮೂಗಿನ ದಾರಿ ಒಂದಿಷ್ಟೂ ಅಗಲವಾಗಿರುವುದಿಲ್ಲ. ಕಟ್ಟಿದ ಮೂಗಿಗೆ ಪರವಾಗಿಲ್ಲ, ದಮ್ಮು ಏರುತ್ತಿರುವ ಮಗುವಿನ ಎದೆಗೆ ಮುಲಾಮು ತಿಕ್ಕುತ್ತಾ ರಾತ್ರಿ ಕಳೆದರೆ ಕಷ್ಟ.

ಬಿಪಿಗೆ ಕೊಡುವ ಎನಾಲಾಪ್ರಿಲ್, ರಾಮಿಪ್ರಿಲ್ ಜಾತಿಯ ಮಾತ್ರೆ ಕೆಲವರಿಗೆ ಒಣ ಕೆಮ್ಮು ತರಿಸುತ್ತದೆ. ಬ್ರಾಡಿಕೈನಿನ್ ಅನ್ನುವ ವಸ್ತು ದೇಹದಲ್ಲಿ ಉಳಿದು ಈ ನರಗಳನ್ನು ಕೆಣಕುವುದೇ ಅದಕ್ಕೆ ಕಾರಣ. ಎಷ್ಟು ಕಫ್ ಸಿರಪ್ ಕುಡಿದರೂ ಅದು ಹೋಗುವುದಿಲ್ಲ, ವೈದ್ಯರಿಗೆ ಹೇಳಿ ಮಾತ್ರೆ ಬದಲಿಸಿದರೆ ಕೆಲವು ವಾರಗಳಲ್ಲಿ ನಿಲ್ಲುತ್ತದೆ. ಸಿರಪ್ಪಿನ ಮಾತು ಬಂತಲ್ಲ, 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಸಿರಪ್ ಕುಡಿದು ತೀರಿಹೋದರು. ಸಣ್ಣ ಮಕ್ಕಳ ಸಾದಾ ಶೀತದ ಕೆಮ್ಮಿಗೆ ಈ ಸಿರಪ್‌ಗಳಿಂದ ಗುಣ ಬಹಳ ಕಡಿಮೆ. ಅಷ್ಟು ಸಣ್ಣ ಲಾಭಕ್ಕೆ ಅಷ್ಟು ದೊಡ್ಡ ಅಪಾಯ ಯಾಕೆ ತೆಗೆದುಕೊಳ್ಳಬೇಕು? ತಿಂಗಳುಗಟ್ಟಲೆ ಬಿಡದ ಕೆಮ್ಮಿಗೆ ಪಿ2ಎಕ್ಸ್3 ಎಂಬ ರಿಸೆಪ್ಟರನ್ನು ಮುಚ್ಚುವ ಗೆಫಾಪಿಕ್ಸಂಟ್ ಎಂಬ ಔಷಧಿ ಬಂದಿದೆ. ಜಪಾನ್ ಮತ್ತು ಯುರೋಪ್ ಒಪ್ಪಿವೆ, ಅಮೆರಿಕ ಎರಡು ಸಲ ಬೇಡ ಅಂದಿದೆ. ನಾಲಿಗೆಯ ರುಚಿಯ ನರಗಳಲ್ಲೂ ಅದೇ ರಿಸೆಪ್ಟರ್ ಇರುವುದರಿಂದ ತೆಗೆದುಕೊಂಡವರಲ್ಲಿ ಬಹಳ ಮಂದಿಗೆ ರುಚಿ ಕೆಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಒಂದು ರಿಸೆಪ್ಟರನ್ನು ಕಂಡುಹಿಡಿದವರು ನಮ್ಮ ದೇಶದವರು, ಅವತಾರ್ ಸಿಂಗ್ ಪೈಂಟಲ್. 1950ರ ದಶಕದಲ್ಲಿ ಅವರು ಬೆಕ್ಕಿನ ವೇಗಸ್ ನರದ ಒಂದೊಂದೇ ಎಳೆ ಬಿಡಿಸಿ ಅದರ ಸಂಕೇತ ದಾಖಲಿಸಿಕೊಂಡರು. ಗಾಳಿಚೀಲದ ಗೋಡೆಯಲ್ಲಿ, ರಕ್ತದ ಸೂಕ್ಷ್ಮ ನಾಳಗಳ ಪಕ್ಕದಲ್ಲೇ ಇರುವ ಈ ರಿಸೆಪ್ಟರ್‌ಗಳಿಗೆ ಜೆ ರಿಸೆಪ್ಟರ್ ಅನ್ನುವ ಹೆಸರು ಅವರೇ ಕೊಟ್ಟದ್ದು. ಮುಂದೆ ಅವರು ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾದರು, ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಮುಖ್ಯಸ್ಥರೂ ಆದರು. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ಸೇರತೊಡಗಿದಾಗ ಈ ರಿಸೆಪ್ಟರ್‌ಗಳು ಎಚ್ಚರವಾಗುತ್ತವೆ. ಉಸಿರು ಗಿಡ್ಡವಾಗಿ, ಬೇಗ ಬೇಗ ಬರತೊಡಗುತ್ತದೆ. ನೋಡುವುದಕ್ಕೆ ಆಸ್ತಮಾದ ಹಾಗೆಯೇ ಇರುತ್ತದೆ, ಎದೆ ಕುಂಯ್‌ಗುಡಲೂಬಹುದು. ಆದರೆ ಮೂಲ ಇರುವುದು ಹೃದಯದಲ್ಲಿ, ನೀಲಿ ಪಂಪ್ ಎಷ್ಟು ಎಳೆದರೂ ಅದು ಸರಿಯಾಗುವುದಿಲ್ಲ. ವಯಸ್ಸಾದವರು ಮಲಗಿ ಸ್ವಲ್ಪ ಹೊತ್ತಿಗೆ ಉಸಿರು ಕಟ್ಟಿ ಎದ್ದು ಕೂರುವುದು, ತಲೆದಿಂಬು ಎರಡು ಮೂರು ಬೇಕಾಗುವುದು, ಪಾದ ಊದುವುದು ಕಂಡರೆ ಮೆಡಿಕಲ್ ಶಾಪಿಗಲ್ಲ, ಹೃದಯ ಪರೀಕ್ಷಿಸುವ ಇಸಿಜಿ, ಎಕೋ ಇರುವ ಕಡೆಗೆ ಹೋಗಬೇಕು.

ಕೇರಳ-ಕರ್ನಾಟಕ ಗಡಿಯಲ್ಲಿರುವ ನಮಗೆ ಇದರಲ್ಲಿ ಇನ್ನೊಂದು ಕಷ್ಟ ಇದೆ. ಕಣ್ಣಿನ ಹನಿ ಮಂಗಳೂರಿನದ್ದು, ಬಿಪಿ ಮಾತ್ರೆ ಕಾಸರಗೋಡಿನ ಸರಕಾರಿ ಆಸ್ಪತ್ರೆಯದ್ದು, ಪಂಪ್ ಪೇಟೆಯ ಅಂಗಡಿಯದ್ದು, ಮದ್ದು ಬಿಡುವ ಕೆಲಸ ಯಾರದೋ ತೋಟದಲ್ಲಿ. ಒಂದು ಕಡೆಯ ಫೈಲು ಇನ್ನೊಂದು ಕಡೆ ತೆರೆಯುವುದಿಲ್ಲ. ಕಾಸರಗೋಡು ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಶಂಕುಸ್ಥಾಪನೆ ಆದದ್ದು 2013ರಲ್ಲಿ, ಆಮೇಲೆ ಕೆಲಸ ತೆವಳಿದ್ದು ಜಿಲ್ಲೆಗೇ ಗೊತ್ತು. 2020ರಲ್ಲಿ ಕೊರೊನಾ ಸಮಯದಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ರೋಗಿಗಳ ಗತಿ ಏನಾಯಿತು ಅನ್ನುವುದನ್ನೂ ನಾವು ಮರೆತಿಲ್ಲ. ಮಾತಿನ ತೊಡಕೂ ಇದೆ. ಕನ್ನಡ, ತುಳು ಮಾತ್ರ ಬರುವ ಅಜ್ಜಿ ಮಲಯಾಳ ಮಾತ್ರ ಬರುವ ಡಾಕ್ಟರ ಎದುರು ಕೂತರೆ "ದಮ್ಮು" ಅನ್ನುವ ಒಂದು ಮಾತು ದಾಟುತ್ತದೆ, ಹನಿ, ಅಡಿಕೆ, ಮದ್ದು ಈಚೆಯೇ ಉಳಿಯುತ್ತವೆ. ಹಾಗಾಗಿ ಮನೆಯಲ್ಲಿ ಇರುವ ಎಲ್ಲ ಔಷಧಿ, ಕಣ್ಣಿನ ಹನಿ, ಸಾಧ್ಯವಾದರೆ ಬಿಡುವ ಮದ್ದಿನ ಬಾಟಲಿಯ ಲೇಬಲ್‌ನ ಫೋಟೋ ಸಹಿತ ತೆಗೆದುಕೊಂಡು ಹೋಗಿ. ಕವಳ ಹಾಕುತ್ತೀರಿ ಅಂದರೆ ಅದನ್ನೂ ಹೇಳಿ, ನಾಚಿಕೆ ಬೇಡ.

ಆರೋಗ್ಯ ಇಲಾಖೆಯಿಂದ, ಕೃಷಿ ಭವನದಿಂದ ಕೇಳಬೇಕಾದದ್ದೂ ಒಂದಿದೆ. ಕೀಟನಾಶಕ ಬಿಡುವ ಕೆಲಸದವರಿಗೆ ಕೊಲಿನೆಸ್ಟರೇಸ್ ರಕ್ತಪರೀಕ್ಷೆ ಹತ್ತಿರದಲ್ಲೇ ಸಿಗಬೇಕು. ಕಾಯಿಲೆ ಬಿದ್ದ ಮೇಲೆ ಒಂದು ಸಲ ಮಾಡಿದರೆ ಸಾಲದು. ಈ ಕಿಣ್ವದ ಪ್ರಮಾಣ ಒಬ್ಬರಿಂದೊಬ್ಬರಿಗೆ ತುಂಬ ವ್ಯತ್ಯಾಸ ಆಗುತ್ತದೆ, ಒಬ್ಬನಿಗೆ ಸರಿಯಾದ ಸಂಖ್ಯೆ ಇನ್ನೊಬ್ಬನಿಗೆ ಅರ್ಧ ಕುಸಿದ ಸಂಖ್ಯೆ ಆಗಿರಬಹುದು. ಸೀಸನ್ ಶುರುವಾಗುವ ಮೊದಲು ಒಮ್ಮೆ ತೆಗೆದಿಟ್ಟರೆ ಮಾತ್ರ, ನಡುವೆ ತೆಗೆದದ್ದನ್ನು ಅವನದೇ ಹಳೆಯ ಸಂಖ್ಯೆಯ ಪಕ್ಕ ಇಟ್ಟು ನೋಡಿ, ಇವನನ್ನು ಸ್ವಲ್ಪ ದಿನ ಈ ಕೆಲಸಕ್ಕೆ ಕಳಿಸಬಾರದು ಅಂತ ಹೇಳಲು ಸಾಧ್ಯ.